ಗೋಡೆ ಕ್ಯಾಲೆಂಡರ್ ಉಳಿಸಿದ 1,690 ಪೌಂಡ್

"ಕಟ್ಟಿಬಿಡೋಣ ಕಣೇ. ಸರ್ಕಾರದ ಜೊತೆ ಯಾಕೆ ಜಗಳ? ನಾಳೆ ಸಿಟಿಜನ್‌ಶಿಪ್ ಅರ್ಜಿ ಹಾಕುವಾಗ ಇದೇ ಅಡ್ಡ ಬಂದರೆ?"

ಪತ್ರ ಓದಿ ನಮ್ಮ ಯಜಮಾನರು ಆಡಿದ ಮೊದಲ ಮಾತು ಇದು. 2018ರ ಸೆಪ್ಟೆಂಬರ್. ನಾವಿರುವುದು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ. ನಿಮಗೆ ಟ್ಯಾಕ್ಸ್ ಕ್ರೆಡಿಟ್ ಜಾಸ್ತಿ ಕೊಟ್ಟಿದ್ದೇವೆ, 1,860 ಪೌಂಡ್ ಮೂವತ್ತು ದಿನದೊಳಗೆ ವಾಪಸ್ ಕಟ್ಟಿ ಅಂತ ಇಲ್ಲಿನ ತೆರಿಗೆ ಇಲಾಖೆಯ (ಎಚ್‌ಎಂಆರ್‌ಸಿ) ಪತ್ರ. ಜಾಸ್ತಿ ಯಾಕೆ ಹೋಯಿತು, ಯಾರ ತಪ್ಪಿನಿಂದ ಹೋಯಿತು ಅನ್ನುವುದಕ್ಕೆ ಒಂದು ಸಾಲೂ ಇರಲಿಲ್ಲ.

ಟ್ಯಾಕ್ಸ್ ಕ್ರೆಡಿಟ್ ಅಂದರೆ ಊರಲ್ಲಿರುವವರಿಗೆ ತೆರಿಗೆ ವಿನಾಯಿತಿ ಇರಬೇಕು ಅನಿಸುತ್ತದೆ. ಅದಲ್ಲ. ಕಡಿಮೆ ಸಂಬಳದಲ್ಲಿ ಮಕ್ಕಳನ್ನು ಸಾಕುವವರ ಬ್ಯಾಂಕ್ ಖಾತೆಗೆ ಬ್ರಿಟನ್ ಸರ್ಕಾರ ನೇರವಾಗಿ ಹಾಕುತ್ತಿದ್ದ ದುಡ್ಡು ಅದು. 2003ರ ಏಪ್ರಿಲ್‌ನಲ್ಲಿ ಶುರುವಾಗಿ 2025ರ ಏಪ್ರಿಲ್ 5ಕ್ಕೆ ನಿಂತಿತು. ವರ್ಕ್ ವೀಸಾದಲ್ಲಿದ್ದಾಗ ನಮಗೆ ಸಿಗುತ್ತಿರಲಿಲ್ಲ. ಇಲ್ಲೇ ನೆಲೆಸುವ ಅನುಮತಿ, ಅದೇ ಐಎಲ್‌ಆರ್, ಕೈಗೆ ಬಂದ ಮೇಲೆ ಅರ್ಜಿ ಹಾಕಿದೆವು.

ಇದರ ಲೆಕ್ಕ ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಹಾಗಿತ್ತು. ಹೋದ ವರ್ಷದ ಆದಾಯ ನೋಡಿ ಈ ವರ್ಷ ಅಂದಾಜಿನ ಮೇಲೆ ಕೊಡುತ್ತಾ ಹೋಗುವುದು, ವರ್ಷ ಮುಗಿದ ಮೇಲೆ ತಾಳೆ ನೋಡುವುದು. ಜಾಸ್ತಿ ಹೋಗಿದ್ದರೆ ವಸೂಲಿ. ಶುರುವಾದ ಮೊದಲ ವರ್ಷವೇ ಸುಮಾರು 200 ಕೋಟಿ ಪೌಂಡ್ ಹೀಗೆ ಜಾಸ್ತಿ ಹೋಗಿತ್ತು. ಸರ್ಕಾರಿ ಇಲಾಖೆಗಳ ಮೇಲಿನ ದೂರು ವಿಚಾರಿಸುವ ಪಾರ್ಲಿಮೆಂಟಿನ ಒಂಬುಡ್ಸ್‌ಮನ್ 2005ರಲ್ಲಿ ಒಮ್ಮೆ, 2007ರಲ್ಲಿ ಇನ್ನೊಮ್ಮೆ ಇದರ ಮೇಲೆ ವರದಿಯನ್ನೇ ಬರೆದರು. ನಾನು ಯಜಮಾನರಿಗೆ ಹೇಳಿದ್ದೂ ಅದನ್ನೇ. "ರೀ, ನಾವೇನು ಕದ್ದಿಲ್ಲ. ತಲೆ ತಗ್ಗಿಸುವ ವಿಷಯ ಅಲ್ಲ ಇದು."

ನಮ್ಮ ಕಥೆ ಹೀಗೆ. ಮಗಳು ನರ್ಸರಿಯಲ್ಲಿದ್ದಾಗ ವಾರಕ್ಕೆ 140 ಪೌಂಡ್ ಖರ್ಚು. ಅದರಲ್ಲಿ ಶೇಕಡಾ 70, ಅಂದರೆ 98 ಪೌಂಡನ್ನು ಟ್ಯಾಕ್ಸ್ ಕ್ರೆಡಿಟ್‌ನ ಚೈಲ್ಡ್‌ಕೇರ್ ಭಾಗ ತುಂಬುತ್ತಿತ್ತು. 2017ರ ಸೆಪ್ಟೆಂಬರ್ 4ಕ್ಕೆ ಅವಳು ಶಾಲೆ ಸೇರಿದಳು. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಸಂಜೆ ಕ್ಲಬ್ಬಿಗೆ ವಾರಕ್ಕೆ 40 ಪೌಂಡ್ ಸಾಕಾಯಿತು. ಹಾಗಾದರೆ ಬರಬೇಕಾದದ್ದು 28. ವಾರಕ್ಕೆ ಹತ್ತು ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ವ್ಯತ್ಯಾಸವಾದರೆ ತಿಂಗಳೊಳಗೆ ತಿಳಿಸಬೇಕಿತ್ತು. ನಾನು ಸೆಪ್ಟೆಂಬರ್ 18ಕ್ಕೇ ಫೋನ್ ಮಾಡಿ ಹೇಳಿದೆ.

ಆ ತಾರೀಖು ಇಷ್ಟು ಖಚಿತವಾಗಿ ಹೇಗೆ ಗೊತ್ತು? ಅಮ್ಮ ಪ್ರತಿ ವರ್ಷ ಊರಿಂದ ಗೋಡೆ ಕ್ಯಾಲೆಂಡರ್ ಕಳಿಸುತ್ತಾಳೆ. ಅಡುಗೆಮನೆಯಲ್ಲಿ ಫ್ರಿಜ್ ಪಕ್ಕ ನೇತಾಡುತ್ತಿರುತ್ತದೆ. ಹಾಲು ಬಾಕಿ ಬರೆಯುತ್ತಿದ್ದ ಅಮ್ಮನ ಚಾಳಿಯೇ ನನಗೂ ಬಂದಿದೆ. ನವರಾತ್ರಿಗೆ ಮೂರು ದಿನ ಮುಂಚಿನ ಆ ಸೋಮವಾರದ ಚೌಕದಲ್ಲಿ ನೀಲಿ ಪೆನ್ನಲ್ಲಿ ಬರೆದಿದ್ದೆ: "ಟ್ಯಾ.ಕ್ರೆ. ಫೋನ್, 34 ನಿಮಿಷ, 140 ಅಲ್ಲ 40." ದೀಪಾವಳಿ ಕಳೆದ ಸೋಮವಾರ, ಅಕ್ಟೋಬರ್ 23ರ ಚೌಕದಲ್ಲಿ ಇನ್ನೊಂದು: "ಮತ್ತೆ ಫೋನ್. ನೋಟೀಸಲ್ಲಿ ಇನ್ನೂ 140." (ನಮಗೆ ಎಷ್ಟು ಕ್ರೆಡಿಟ್, ಯಾವ ಲೆಕ್ಕದ ಮೇಲೆ ಅಂತ ಇಲಾಖೆ ಕಳಿಸುತ್ತಿದ್ದ ಪತ್ರವೇ ಆ ನೋಟೀಸ್.) ಮಗಳಿಗೆ ಆ ವಾರ ಹಾಫ್ ಟರ್ಮ್ ರಜೆ. ಅವಳನ್ನು ತೊಡೆ ಮೇಲೆ ಕೂರಿಸಿಕೊಂಡೇ ಆ ಕಡೆಯ ಸಂಗೀತ ಕೇಳುತ್ತಾ ಕಾದಿದ್ದು ನೆನಪಿದೆ.

ಆಮೇಲೂ ದುಡ್ಡು ಹಳೆಯ ಲೆಕ್ಕದಲ್ಲೇ ಬರುತ್ತಿತ್ತು. ಆ ಕಡೆಯವರು "ಎಲ್ಲಾ ಸರಿಮಾಡಿದ್ದೇನೆ" ಅಂದಿದ್ದರಲ್ಲ, ನಾನು ಸುಮ್ಮನಾದೆ. ಅಲ್ಲಿ ನನ್ನದೂ ತಪ್ಪಿದೆ. 2018ರ ಜೂನ್‌ನಲ್ಲಿ ವರ್ಷದ ನವೀಕರಣದ ಕಾಗದ ಬಂದಾಗಲೂ 140 ಅಂತಲೇ ಇತ್ತು. ಮೂರನೇ ಸಲ ಫೋನ್ ಮಾಡಿ ತಿದ್ದಿಸಿದೆ. ಈ ಸಲ ನಿಜವಾಗಿಯೂ ತಿದ್ದಿದರು. ಅಕ್ಟೋಬರ್ 2ರಿಂದ ಏಪ್ರಿಲ್ 5ರವರೆಗೆ 186 ದಿನ, ವಾರಕ್ಕೆ 70 ಜಾಸ್ತಿ, ಅಂದರೆ ದಿನಕ್ಕೆ 10 ಪೌಂಡ್. ನಾನೇ ಹೋಗಿ ಸತ್ಯ ಹೇಳಿದ್ದಕ್ಕೆ ಬಿಲ್ಲು ಬಂತು ನೋಡಿ! (ಖರ್ಚು ಇಳಿದದ್ದು ಸೆಪ್ಟೆಂಬರ್ 4ಕ್ಕಾದರೂ ಲೆಕ್ಕ ಅಕ್ಟೋಬರ್ 2ರಿಂದ. ಕಡಿಮೆಯಾದ ಖರ್ಚು ನಾಲ್ಕು ವಾರ ಹಾಗೇ ಮುಂದುವರಿದ ಮೇಲೆಯೇ ಕ್ರೆಡಿಟ್ ಇಳಿಸಬೇಕು ಅಂತ ಆಗ ನಿಯಮವಿತ್ತು.)

ನಾನು ಮೊದಲು ಬರೆದ ದೂರು ನಾಲ್ಕು ಪುಟ. ಮನೆ ಬಾಡಿಗೆ, ಮಾವನವರ ಆಪರೇಷನ್ನಿಗೆ ಕಳಿಸಿದ ದುಡ್ಡು, ಕೇರ್ ಹೋಮ್‌ನಲ್ಲಿ ನನ್ನ ರಾತ್ರಿ ಪಾಳಿ, ಎಲ್ಲಾ ಇತ್ತು. ಪುಕ್ಕಟೆ ಸಲಹೆ ಕೊಡುವ ಸಂಸ್ಥೆ ಸಿಟಿಜನ್ಸ್ ಅಡ್ವೈಸ್‌ನಲ್ಲಿ ಒಬ್ಬ ಅಜ್ಜಿ ವಾಲಂಟಿಯರ್ ಅದನ್ನು ಪೂರ್ತಿ ಓದಿದರು. ಪೆನ್ಸಿಲ್ ತೆಗೆದುಕೊಂಡು ಮೂರೂವರೆ ಪುಟಕ್ಕೆ ಮೆತ್ತಗೆ ಅಡ್ಡಗೆರೆ ಎಳೆದರು. ಕಷ್ಟ ಹೇಳಿದರೆ ಕಂತು ಉದ್ದ ಮಾಡಿಕೊಡಬಹುದು, ಸಾಲ ಮನ್ನಾ ಆಗಬೇಕಾದರೆ ಯಾವ ತಾರೀಖಿಗೆ ನೀವು ಏನು ಹೇಳಿದಿರಿ, ಅವರು ಏನು ಮಾಡಲಿಲ್ಲ, ಅಷ್ಟು ಮಾತ್ರ ಬೇಕು ಅಂದರು. ನನಗೆ ಸ್ವಲ್ಪ ಬೇಜಾರೇ ಆಯಿತು. ಆದರೆ ಅವರು ಹೇಳಿದ್ದು ಸರಿ.

ಅವರು ಕೇಳಿದ ಇನ್ನೊಂದು ಪ್ರಶ್ನೆ: ಲೆಕ್ಕ ತಪ್ಪಾಗಿದೆಯಾ, ಅಥವಾ ಲೆಕ್ಕ ಸರಿ, ಆದರೆ ನಿಮ್ಮಿಂದ ವಸೂಲಿ ಮಾಡುವುದು ತಪ್ಪಾ? ಎರಡಕ್ಕೂ ದಾರಿ ಬೇರೆ. ಲೆಕ್ಕವೇ ತಪ್ಪಾಗಿದ್ದರೆ 30 ದಿನದೊಳಗೆ ಮರುಪರಿಶೀಲನೆ ಕೇಳಬೇಕು. ಅಲ್ಲೂ ಒಪ್ಪದಿದ್ದರೆ ಟ್ರಿಬ್ಯೂನಲ್‌ಗೆ ಹೋಗಬಹುದು. ಲೆಕ್ಕ ಸರಿ ಇದ್ದು ತಪ್ಪು ಇಲಾಖೆಯದಾಗಿದ್ದರೆ ಅದು ತಕರಾರು. ಅದಕ್ಕೆ ಟಿಸಿ 846 ಅನ್ನುವ ಫಾರಂ. ವರ್ಷದ ಅಂತಿಮ ನಿರ್ಧಾರದ ಪತ್ರದಿಂದ ಮೂರು ತಿಂಗಳ ಗಡುವು. ತಕರಾರು ತಿರಸ್ಕಾರವಾದರೆ ಟ್ರಿಬ್ಯೂನಲ್ ಬಾಗಿಲು ಇಲ್ಲ. ಇಲಾಖೆಗೇ ದೂರು ಕೊಟ್ಟು, ಆಮೇಲೆ ಇಲಾಖೆಯ ಮೇಲಿನ ದೂರನ್ನು ಹೊರಗಿನಿಂದ ನೋಡುವ ಅಡ್ಜುಡಿಕೇಟರ್, ಕೊನೆಗೆ ನಮ್ಮ ಎಂಪಿ ಮೂಲಕ ಒಂಬುಡ್ಸ್‌ಮನ್. ನನ್ನದು ಎರಡನೇ ಜಾತಿ. 186 ದಿನದ ಲೆಕ್ಕದಲ್ಲಿ ಒಂದು ಪೆನ್ನಿಯೂ ತಪ್ಪಿರಲಿಲ್ಲ.

ಇಲಾಖೆಯದೇ ಒಂದು ಕಿರುಪುಸ್ತಕ ಇದೆ, ಸಿಓಪಿ 26. ಜಾಸ್ತಿ ದುಡ್ಡು ಹೋದಾಗ ಅವರ ಜವಾಬ್ದಾರಿ ಏನು, ನಮ್ಮದೇನು ಅಂತ ಬರೆದಿದ್ದಾರೆ. ಎರಡು ರಾತ್ರಿ ಕೂತು ಓದಿದೆ. ನನಗೆ ಬೇಕಾದದ್ದು ಒಂದೇ ನಿಯಮ. ಬದಲಾವಣೆ ತಿಳಿಸಿದ 30 ದಿನದೊಳಗೆ ಅವರು ಕ್ರಮ ತೆಗೆದುಕೊಳ್ಳದಿದ್ದರೆ, ಆ 30 ದಿನ ಕಳೆದ ಮೇಲೆ ಜಾಸ್ತಿ ಹೋದದ್ದನ್ನು ಕೇಳುವ ಹಾಗಿಲ್ಲ. ಆದರೆ ನಮ್ಮ ಕಡೆಯಿಂದ ನೋಟೀಸ್ ನೋಡಿ, ತಪ್ಪಿದ್ದರೆ 30 ದಿನದೊಳಗೆ ಹೇಳಿರಬೇಕು. ನಾನು ಅದನ್ನೂ ಮಾಡಿದ್ದೆ. ತೋರಿಸುವುದು ಹೇಗೆ? ಮೊದಲ ಸಲ ವಿಚಾರಿಸಿದಾಗ ನಿಮ್ಮ ಫೋನಿನ ದಾಖಲೆಯೇ ಇಲ್ಲ ಅಂದಿದ್ದರು.

ಮೊಬೈಲ್ ಕಂಪನಿಯಿಂದ ಹಳೆಯ ಬಿಲ್ ತೆಗೆಸಿದೆ. ಸೆಪ್ಟೆಂಬರ್ 18, ಹೆಲ್ಪ್‌ಲೈನ್ ನಂಬರ್, 34 ನಿಮಿಷ. ಕ್ಯಾಲೆಂಡರ್‌ಗೂ ಬಿಲ್ಲಿಗೂ ತಾಳೆಯಾಯಿತು. ಆದರೆ ಬಿಲ್ಲು ಏನು ಮಾತಾಡಿದೆ ಅಂತ ಹೇಳುವುದಿಲ್ಲವಲ್ಲ. ಅದಕ್ಕೆ ಡೇಟಾ ಸಂರಕ್ಷಣೆ ಕಾನೂನಿನಡಿ ನನ್ನ ಫೋನ್ ರೆಕಾರ್ಡಿಂಗ್ ಮತ್ತು ಅವರು ಬರೆದಿಟ್ಟ ಟಿಪ್ಪಣಿ ಕೊಡಿ ಅಂತ ಕೇಳಿದೆ. 2018ರ ಮೇ 25ರಂದು ಹೊಸ ನಿಯಮ ಬಂದ ಮೇಲೆ ಇದಕ್ಕೆ ಫೀಸಿಲ್ಲ, ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಬಂದದ್ದು ಸಿ.ಡಿ.! ನಮ್ಮ ಲ್ಯಾಪ್‌ಟಾಪಿಗೆ ಸಿ.ಡಿ. ಡ್ರೈವೇ ಇಲ್ಲ. ಪಕ್ಕದ ಮನೆಯ ಪಂಜಾಬಿ ಅಂಕಲ್‌ರ ಹಳೇ ಕಂಪ್ಯೂಟರಿನಲ್ಲಿ ಹಾಕಿ ಕೇಳಿದೆವು.

ಸೆಪ್ಟೆಂಬರ್ ಕಾಲ್ ಅದರಲ್ಲಿ ಇರಲಿಲ್ಲ. ಅಕ್ಟೋಬರ್‌ನದು ಇತ್ತು. ನನ್ನ ದನಿ ಯಾರದೋ ಅನ್ನುವ ಹಾಗೆ ಕೇಳಿಸುತ್ತಿತ್ತು, ಹಿಂದೆ ಮಗಳ ರಗಳೆ. "ಕಳೆದ ತಿಂಗಳು 18ಕ್ಕೇ ಹೇಳಿದ್ದೆ, ಇನ್ನೂ ನೂರಾ ನಲವತ್ತೇ ತೋರಿಸುತ್ತಿದೆ" ಅಂತ ನಾನು. ಕೀಬೋರ್ಡ್ ಟಕಟಕ. ಆಮೇಲೆ ಆ ಕಡೆಯ ಹುಡುಗಿ, ಹೌದು, 18ಕ್ಕೆ ನೀವು ಫೋನ್ ಮಾಡಿದ್ದು ಇಲ್ಲಿ ಕಾಣಿಸುತ್ತಿದೆ, ಈಗ ಸರಿಮಾಡಿದ್ದೇನೆ ಅಂದಳು. ಅಂಕಲ್ ಅದನ್ನು ಮೂರು ಸಲ ಹಾಕಿಸಿ ಕೇಳಿದರು. ನಾನು ಸಮಯ ಬರೆದುಕೊಂಡೆ: ಹನ್ನೊಂದನೇ ನಿಮಿಷ, ನಲವತ್ತನೇ ಸೆಕೆಂಡ್.

ಫಾರಂ ಜೊತೆ ಒಂದೂವರೆ ಪುಟದ ಪತ್ರ ಇಟ್ಟೆ. ಐದು ತಾರೀಖು, ಪ್ರತಿಯೊಂದರ ಎದುರು ಒಂದು ಸಾಕ್ಷಿ. ಅಕ್ಟೋಬರ್ ಆದ ಮೇಲೆ ಜೂನ್‌ವರೆಗೆ ಸುಮ್ಮನಿದ್ದೆ ಅನ್ನುವುದನ್ನೂ ಮುಚ್ಚಿಡಲಿಲ್ಲ. ಸರಿಮಾಡಿದ್ದೇವೆ ಅಂತ ನೀವೇ ಹೇಳಿದ್ದರಿಂದ ನಂಬಿದೆ ಅಂತ ಬರೆದೆ. ನನ್ನ ಕೇಸಿನಲ್ಲಿ ಮೆತ್ತಗಿದ್ದ ಜಾಗ ಅದೊಂದೇ. ಅವರು ಕಂಡುಹಿಡಿಯುವ ಮುಂಚೆ ನಾನೇ ಹೇಳುವುದು ಮೇಲು ಅನಿಸಿತು. ಅಕ್ಟೋಬರ್ ಕೊನೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆ.

ತಕರಾರು ಹಾಕಿದರೆ ವಸೂಲಿ ನಿಲ್ಲುತ್ತದೆ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ನಿಲ್ಲುವುದಿಲ್ಲ. ಕಟ್ಟದೆ ಕೂತರೆ ಇನ್ನೊಂದು ರಗಳೆ. ಹಾಗಾಗಿ ಫೋನ್ ಮಾಡಿ ಹನ್ನೆರಡು ತಿಂಗಳ ಕಂತು ಮಾಡಿಸಿಕೊಂಡೆವು, ತಿಂಗಳಿಗೆ 155 ಪೌಂಡ್. ನಾಲ್ಕು ಕಂತು ಕಟ್ಟಿದೆವು. ಪ್ರತಿ ಸಲವೂ ಯಜಮಾನರು "ಹೋಯ್ತು ಬಿಡು" ಅನ್ನುತ್ತಿದ್ದರು.

2019ರ ಫೆಬ್ರವರಿಯಲ್ಲಿ ಉತ್ತರ ಬಂತು. ಸೆಪ್ಟೆಂಬರ್ 18ಕ್ಕೆ ತಿಳಿಸಿದ್ದನ್ನು ಒಪ್ಪಿದ್ದರು. ಅಕ್ಟೋಬರ್ 18ರ ನಂತರದ್ದೆಲ್ಲ ಮನ್ನಾ. ಮೊದಲ ಹದಿನೇಳು ದಿನದ 170 ಪೌಂಡ್ ನಮ್ಮದೇ. ಅದಕ್ಕೆ ನನ್ನ ತಕರಾರಿಲ್ಲ, ಅದು ನಿಜವಾಗಿ ಜಾಸ್ತಿ ಬಂದ ದುಡ್ಡು. ಕಟ್ಟಿದ್ದ 620ರಲ್ಲಿ 450 ವಾಪಸ್ ಬಂತು. ಸಿಟಿಜನ್‌ಶಿಪ್ ಅರ್ಜಿ ಅದರ ಪಾಡಿಗೆ ಆಯಿತು.

ಈಗ ಟ್ಯಾಕ್ಸ್ ಕ್ರೆಡಿಟ್ ಇಲ್ಲ, ಹಳೆಯ ಬಾಕಿ ಇದೆ. ಅದರ ಬದಲಿಗೆ ಬಂದ ಯೂನಿವರ್ಸಲ್ ಕ್ರೆಡಿಟ್‌ಗೆ ಹೋದವರಿಗೆ ಅದರಲ್ಲೇ ಮುರಿದುಕೊಳ್ಳುತ್ತಾರೆ. ಮುರಿಯುವುದು ಒಂದು ಇಲಾಖೆ, ಆದರೆ ಬಾಕಿ ತಪ್ಪು ಅನ್ನುವುದಾದರೆ ಹೇಳಬೇಕಾದದ್ದು ಹಳೆಯ ತೆರಿಗೆ ಇಲಾಖೆಗೇ. ಹೋದ ತಿಂಗಳು ಒಬ್ಬ ಗೆಳತಿ ಇಂಥದ್ದೇ ಪತ್ರ ಹಿಡಿದು ಬಂದಳು. ನಾನು ಮೊದಲು ಕೇಳಿದ್ದು, "ಹಳೇ ಕ್ಯಾಲೆಂಡರ್ ಎಸೆದಿಲ್ಲ ತಾನೇ?"