ಕಾರವಾರದಲ್ಲಿ ಪುಟ್ಟ ಮಗು ಕರ್ಕೊಂಡು ಮೀನೂಟಕ್ಕೆ ಹೋಗೋದಾದ್ರೆ

ಮೊದ್ಲು ಟೈಮ್ ನೋಡ್ಕೊಳ್ಳಿ. ಭಾನುವಾರ ಒಂದೂವರೆಗೆ ಹೋದ್ರೆ ಬಾಗಿಲಲ್ಲೇ ಜನ, ಹಸಿದ ಮಗು ಎತ್ಕೊಂಡು ಕಾಯೋ ಕರ್ಮ ಯಾರಿಗೂ ಬೇಡ, ಹನ್ನೆರಡೂವರೆ ಒಳಗೇ ಹೋಗಿ ಗೋಡೆ ಪಕ್ಕದ ಟೇಬಲ್ ಹಿಡೀರಿ, ಬಿಸಿ ಸಾರು ಹಿಡ್ಕೊಂಡು ಸಪ್ಲೈಯರ್ ಓಡಾಡೋ ದಾರೀಲಿ ಮಾತ್ರ ಮಗೂನ ಕೂರಿಸ್ಬೇಡಿ.

ವರ್ಷ ತುಂಬದ ಮಗೂಗೆ ಹೋಟೆಲ್ ಸಾರು ಬೇಡ, ಉಪ್ಪು ಖಾರ ಎರಡೂ ಜಾಸ್ತಿ, ಮನೆಯಿಂದ್ಲೇ ಮೆತ್ತಗಿನ ಗಂಜಿ ಡಬ್ಬಿ ಒಯ್ಯಿರಿ. ದೊಡ್ಡ ಮಗು ಆದ್ರೆ ಕೂತ ತಕ್ಷಣ ಬಿಳಿ ಅನ್ನ, ಮೊಸರು ಹೇಳ್ಬಿಡಿ, ನಿಮ್ಮ ಥಾಲಿ ಆಮೇಲೆ ಬರ್ಲಿ.

ಇನ್ನು ಮೀನು. ಬಂಗ್ಡೆ, ತಾರ್ಲೆ (ಬೂತಾಯಿ) ನಿಮಗಿರ್ಲಿ, ಸಣ್ಣ ಮುಳ್ಳಿನ ಕಾಟ. ಮಗೂಗೆ ಹುರಿದ ಇಸ್ವಣದ (ಅಂಜಲ್ ಮೀನು) ತುಂಡು ವಾಸಿ: ಮೇಲಿನ ರವೆ ಮಸಾಲೆ ಸಿಪ್ಪೆ ಸಮೇತ ಬಿಡಿಸಿ, ನಡುವಿನ ಮುಳ್ಳು ತೆಗೆದು, ಬಿಳಿ ಭಾಗಾನ ಎರಡು ಬೆರಳಲ್ಲಿ ಹಿಸುಕ್ತಾ ಹೋಗಿ, ಚುಚ್ಚಿದ್ರೆ ಗೊತ್ತಾಗತ್ತೆ, ಆಮೇಲೆ ಅನ್ನಕ್ಕೆ ಕಲಸಿ. ಸಿಗಡಿ ಇನ್ನೂ ತಿಂದೇ ಇಲ್ಲ ಅಂದ್ರೆ ಹೋಟೆಲಲ್ಲಿ ಶುರು ಮಾಡ್ಬೇಡಿ, ಅಲರ್ಜಿ ಆದ್ರೆ ಫಜೀತಿ, ಮನೇಲಿ ಚೂರೇ ಚೂರು ಕೊಟ್ಟು ನೋಡಿರ್ಬೇಕು. ಸೋಲ್‌ಕಢಿ ಅಂದ್ರೆ ಕೋಕಂ, ತೆಂಗಿನಹಾಲು ಹಾಕಿ ಮಾಡೋ ಪಾನೀಯ, ಅದರ ಗುಲಾಬಿ ಬಣ್ಣ ನೋಡಿ ಮಕ್ಕಳು ಕೈ ಹಾಕೇ ಹಾಕ್ತವೆ, ಅದ್ರಲ್ಲಿ ಹಸಿಮೆಣಸು ಇರತ್ತೆ, ಲೋಟ ದೂರ ಇಡಿ!

ಮೊಬೈಲ್ ಕೊಡೋದು ಬಿಡೋದು ನಿಮ್ಮಿಷ್ಟ, ನಾನಂತೂ ಸ್ಟೀಲ್ ಚಮಚ, ಖಾಲಿ ವಾಟಿ ಕೊಡ್ತೀನಿ. ಅಪ್ಪ ಉಣ್ಣುವಾಗ ಅಮ್ಮ ಮಗೂನ ಹೊರಗೆ ತಿರುಗಿಸ್ಲಿ, ಆಮೇಲೆ ಅದಲು ಬದಲು. ಹೋಗೋ ಮುಂಚೆ ಕೆಳಗೆ ಬಿದ್ದ ಅನ್ನ ಬಳಿದು ಎಲೆಗೆ ಹಾಕಿ.