ಬಿಸ್ಕತ್ತು ಕಂಡರೂ ನಾಯಿ ಮುಖ ತಿರುಗಿಸುತ್ತಿದೆಯೇ? ತರಬೇತಿಯ ಹುರುಪು ಉಳಿಸುವುದು ಹೀಗೆ

ಮನೆಯ ನಾಯಿಗೆ ‘ಕೂರು’, ‘ಬಾ’, ‘ಇರು’ ಕಲಿಸಲು ಹೊರಟವರಿಗೆ ಈ ತೊಂದರೆ ಗೊತ್ತಿರುತ್ತದೆ. ಮೊದಲು ಹೇಳಿದ ಕೂಡಲೇ ಕೂರುವ ನಾಯಿ ಸ್ವಲ್ಪ ಹೊತ್ತಿಗೆ ನಿಧಾನವಾಗುತ್ತದೆ, ಆಮೇಲೆ ಬಿಸ್ಕತ್ತನ್ನು ಮೂಸಿ ಆಚೆ ಹೋಗಿಬಿಡುತ್ತದೆ. ಹೊಟ್ಟೆ ತುಂಬಿರಬೇಕು, ಇಲ್ಲವೇ ಹಟ ಮಾಡುತ್ತಿರಬೇಕು ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಎರಡೂ ಅಲ್ಲ. ಒಂದೇ ರುಚಿ, ಒಂದೇ ವಾಸನೆ ಒಂದೇ ವೇಗದಲ್ಲಿ ಬರುತ್ತಿದ್ದರೆ ಪ್ರಾಣಿ ಅದಕ್ಕೆ ಒಗ್ಗಿಹೋಗುತ್ತದೆ. ಪಾಠ ಮರೆತಿಲ್ಲ, ಬಹುಮಾನದ ಸೆಳೆತ ಇಳಿದಿದೆ.

ಹೀಗೆ ಒಗ್ಗುವುದಕ್ಕೂ ನಿಯಮಗಳಿವೆ. 1966ರಲ್ಲಿ ಸಂಶೋಧಕರಾದ ರಿಚರ್ಡ್ ಥಾಂಪ್ಸನ್ ಮತ್ತು ವಿಲಿಯಂ ಸ್ಪೆನ್ಸರ್ ಅವನ್ನು ಪಟ್ಟಿ ಮಾಡಿದರು. ಸದ್ದು, ವಾಸನೆ, ಸ್ಪರ್ಶದಂಥ ಪ್ರಚೋದನೆ ಬೇಗಬೇಗ ಬಂದಷ್ಟೂ ಪ್ರಾಣಿ ಬೇಗ ಒಗ್ಗುತ್ತದೆ. ಬಿಡುವು ಕೊಟ್ಟರೆ ಮೊದಲಿನ ಸ್ಪಂದನೆ ಮರಳುತ್ತದೆ, ನಡುವೆ ಹೊಸದೇನಾದರೂ ಎದುರಾದರೂ ಮರಳುತ್ತದೆ. ಬಹುಮಾನಕ್ಕೂ ಇದು ಅನ್ವಯಿಸುತ್ತದೆ ಎಂದು 1990ರ ದಶಕದಲ್ಲಿ ವಾದಿಸಿದವರು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಫ್ರಾನ್ಸಿಸ್ ಮೆಕ್‌ಸ್ವೀನಿ. ಆಹಾರಕ್ಕಾಗಿ ಸನ್ನೆಕೋಲು ಒತ್ತುವ ಇಲಿಗಳ, ಗುಂಡಿ ಕುಕ್ಕುವ ಪಾರಿವಾಳಗಳ ವೇಗ ಒಂದೇ ಅವಧಿಯೊಳಗೆ ಮೊದಲು ಏರಿ ಆಮೇಲೆ ಇಳಿಯುತ್ತಿತ್ತು. ಈ ಇಳಿತವನ್ನು ಹೊಟ್ಟೆ ತುಂಬಿದ್ದರಿಂದ ಮಾತ್ರ ವಿವರಿಸಲು ಆಗುತ್ತಿರಲಿಲ್ಲ. ಮನೆಯ ತರಬೇತಿಗೆ ಇದಕ್ಕಿಂತ ಉಪಯುಕ್ತವಾದ ಸಂಶೋಧನೆ ಕಡಿಮೆ.

ಮೊದಲು ಕಾರಣ ಪತ್ತೆ ಮಾಡಿ

ನಾಯಿ ಬಿಸ್ಕತ್ತು ಬಿಟ್ಟಾಗ ಬೇರೆ ವಾಸನೆಯ ತಿನಿಸೊಂದನ್ನು, ಬೇಯಿಸಿದ ಮೊಟ್ಟೆಯ ಚೂರನ್ನೋ ಪನೀರನ್ನೋ, ಮೂಗಿನ ಬಳಿ ಹಿಡಿಯಿರಿ. ಚಕ್ಕನೆ ತಿಂದರೆ ಅದು ಬಿಸ್ಕತ್ತಿಗೆ ಒಗ್ಗಿದೆ ಎಂದು ತಿಳಿಯಿರಿ. ಅದನ್ನೂ ಬಿಟ್ಟರೆ ಹೊಟ್ಟೆ ತುಂಬಿರಬಹುದು, ಸೆಕೆಯಾಗಿರಬಹುದು, ಹೆದರಿರಬಹುದು. ತುಟಿ ನೆಕ್ಕುತ್ತಾ, ಆಕಳಿಸುತ್ತಾ, ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದರೆ ಒತ್ತಡದಲ್ಲಿದೆ. ಆಗ ಪಾಠ ನಿಲ್ಲಿಸುವುದೇ ಸರಿ. ದಿನವಿಡೀ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ತೋರಿಸಿ.

ತಿನಿಸಿನ ಡಬ್ಬಿ ತಯಾರಿಸಿ

ಉಪ್ಪು, ಎಣ್ಣೆ ಹಾಕದೆ ಬೇಯಿಸಿದ ಕೋಳಿ ಎದೆಮಾಂಸ, ಪನೀರ್, ಬೇಯಿಸಿದ ಸಿಹಿಗೆಣಸು, ಕ್ಯಾರೆಟ್ ಇವುಗಳಲ್ಲಿ ಮೂರನ್ನಾದರೂ ಇಟ್ಟುಕೊಳ್ಳಿ. ತುಣುಕು ಕಡಲೆಕಾಳಿಗಿಂತ ದೊಡ್ಡದಿರಬಾರದು. ನಾಯಿಗೆ ಲೆಕ್ಕ ಎಷ್ಟು ಸಲ ಸಿಕ್ಕಿತು ಎಂಬುದು, ತುಣುಕಿನ ತೂಕವಲ್ಲ. 50 ಗ್ರಾಂ ಕೋಳಿಮಾಂಸದಲ್ಲಿ ನೂರಕ್ಕೂ ಹೆಚ್ಚು ತುಣುಕು ಬರುತ್ತವೆ. ಅದರಲ್ಲಿರುವುದು ಸುಮಾರು 80 ಕ್ಯಾಲೊರಿ. ಹದಿನೈದು ಕೆ.ಜಿ. ತೂಗುವ ವಯಸ್ಕ ನಾಯಿಗೆ ದಿನಕ್ಕೆ ಅಂದಾಜು 850 ಕ್ಯಾಲೊರಿ ಬೇಕು, ತಿನಿಸಿನ ಪಾಲು ಶೇ 10ನ್ನು ದಾಟಬಾರದು. ಅಂದರೆ ಈ 50 ಗ್ರಾಂಗೇ ಆ ದಿನದ ಮಿತಿ ಮುಗಿಯಿತು, ಬೇರೆ ತಿನಿಸು ಕೊಟ್ಟಷ್ಟೂ ಇದನ್ನು ಇಳಿಸಬೇಕು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ. ಡಬ್ಬಿಯ ಹತ್ತಿರವೂ ಇಡಬೇಡಿ.

ಪಾಠ ಚಿಕ್ಕದಿರಲಿ, ಲಯ ಒಡೆಯಲಿ

ಒಂದು ಸುತ್ತಿಗೆ ಮೂರು ನಿಮಿಷ ಸಾಕು. ನಾಯಿ ಇನ್ನೂ ಬೇಕೆನ್ನುತ್ತಿರುವಾಗಲೇ ಮುಗಿಸಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು ಸುತ್ತು ಮಾಡಿದರೆ ಬಿಡುವಿನಲ್ಲಿ ಹುರುಪು ತಾನಾಗಿ ಮರಳುತ್ತದೆ. ಹತ್ತು ನಿಮಿಷ ಒಂದೇಸಮನೆ ಎಳೆದರೆ ಕೊನೆಯ ಏಳು ನಿಮಿಷದಲ್ಲಿ ನಾಯಿ ಕಲಿಯುವುದು ನಿಧಾನವಾಗಿ ಕೂರುವುದನ್ನೇ.

ಡಬ್ಬಿಯಿಂದ ಒಮ್ಮೆ ಕೋಳಿ, ಒಮ್ಮೆ ಗೆಣಸು ಬರಲಿ. ಮುಂದಿನದೇನು ಎಂದು ನಾಯಿಗೆ ಊಹಿಸಲು ಆಗಬಾರದು. ಇವತ್ತಿನ ಮೂರು ತಿನಿಸೇ ನಾಳೆಯೂ ಬೇಡ. ಒಮ್ಮೆ ಒಗ್ಗಿದ ತಿನಿಸಿಗೆ ಮತ್ತೆ ಮತ್ತೆ ಹೋದರೆ ಪ್ರತಿ ಸಲ ಇನ್ನೂ ಬೇಗ ಒಗ್ಗುತ್ತದೆ. ನಡುವೆ ಹುರುಪು ಇಳಿದರೆ ಒಂದು ಸಲ ಹಗ್ಗ ಎಳೆದಾಡಿ, ಚೆಂಡು ಎಸೆಯಿರಿ, ಇಲ್ಲವೇ ಕೋಣೆ ಬದಲಿಸಿ. ಆಮೇಲೆ ಅದೇ ಹಳೆಯ ಬಿಸ್ಕತ್ತಿಗೂ ನಾಯಿ ಮತ್ತೆ ಕಣ್ಣರಳಿಸಬಹುದು.

‘ಕೂರು’ ಎಂಬುದು ಗಟ್ಟಿಯಾಗುವವರೆಗೆ ಪ್ರತಿ ಸಲವೂ ತಿನಿಸು ಕೊಡಿ. ಹತ್ತರಲ್ಲಿ ಎಂಟೊಂಬತ್ತು ಸಲ ಹೇಳಿದ ಕೂಡಲೇ ಕೂತರೆ ಮಾತ್ರ ಎರಡಕ್ಕೊಮ್ಮೆ, ಮೂರಕ್ಕೊಮ್ಮೆ, ಮತ್ತೆ ಬೆನ್ನುಬೆನ್ನಿಗೆ ಎರಡು ಸಲ ಹೀಗೆ ಲೆಕ್ಕ ತಪ್ಪಿಸಿ. ಆತುರಪಟ್ಟು ಐದಕ್ಕೊಮ್ಮೆ ಎಂದು ಇಳಿಸಿದರೆ ಕಲಿತದ್ದೇ ನಂದಿಹೋಗುತ್ತದೆ. ಅದು ಬೇರೆ ರೋಗ, ಅದಕ್ಕೆ ಮದ್ದೂ ಬೇರೆ: ತಿನಿಸು ಬದಲಿಸುವುದಲ್ಲ, ಪ್ರತಿ ಸಲ ಕೊಡುವ ಹಂತಕ್ಕೆ ಹಿಂತಿರುಗುವುದು.

ಕರೆಯೂ ಸವೆಯುತ್ತದೆ

‘ಬಾ, ಬಾ, ಬಾರೋ, ಬಾ’ ಎಂದು ಕೂಗುತ್ತಲೇ ಇದ್ದರೆ ಆ ಪದ ನಾಯಿಗೆ ಬೀದಿಯ ಗದ್ದಲದಲ್ಲಿ ಒಂದಾಗುತ್ತದೆ. ಒಮ್ಮೆ ಕರೆಯಿರಿ, ಮೂರು ಸೆಕೆಂಡ್ ಕಾಯಿರಿ. ಬರದಿದ್ದರೆ ನೀವೇ ಹತ್ತಿರ ಹೋಗಿ ಮತ್ತೆ ಮಾಡಿಸಿ. ಆಗಲೇ ಸವೆದ ಪದವನ್ನು ರಿಪೇರಿ ಮಾಡುವುದಕ್ಕಿಂತ ‘ಇಲ್ಲಿ’ ಎಂಬಂಥ ಹೊಸ ಪದ ಹಿಡಿಯುವುದು ಸುಲಭ.

ಪಟಾಕಿಗೆ ಇದೇ ನಿಯಮ, ತಿರುವುಮುರುವಾಗಿ

ಬಹುಮಾನಕ್ಕೆ ಒಗ್ಗಬಾರದು, ದೀಪಾವಳಿಯ ಸದ್ದಿಗೆ ಒಗ್ಗಬೇಕು. ಇಲ್ಲಿ ಜನ ಮಾಡುವ ದೊಡ್ಡ ತಪ್ಪೆಂದರೆ ‘ಅಭ್ಯಾಸವಾಗಲಿ’ ಎಂದು ನಾಯಿಯನ್ನು ಸದ್ದಿನ ನಡುವೆ ಕಟ್ಟಿಹಾಕುವುದು. ಸಣ್ಣ ಪ್ರಚೋದನೆಗೆ ಪ್ರಾಣಿ ಒಗ್ಗುತ್ತದೆ. ತೀರಾ ಜೋರಿನದು ಭಯವನ್ನು ಕೆರಳಿಸಿ, ಮುಂದಿನ ಸಲ ಇನ್ನೂ ಚಿಕ್ಕ ಸದ್ದಿಗೇ ಬೆಚ್ಚುವಂತೆ ಮಾಡುತ್ತದೆ. ಇದು ಕ್ರೌರ್ಯವೂ ಹೌದು.

ಹಬ್ಬಕ್ಕೆ ಎರಡು ತಿಂಗಳ ಮೊದಲೇ ಶುರು ಮಾಡಿ. ಪಟಾಕಿ ಸದ್ದಿನ ರೆಕಾರ್ಡಿಂಗನ್ನು ಎಷ್ಟು ಮೆಲ್ಲಗೆ ಹಾಕಬೇಕೆಂದರೆ, ನಾಯಿಯ ಕಿವಿ ಅತ್ತ ತಿರುಗಬೇಕು, ಆದರೆ ತಿನ್ನುವುದು ನಿಲ್ಲಬಾರದು. ಸದ್ದಿನ ಹಿಂದೆಯೇ ಕೋಳಿ ತುಣುಕು ಕೊಡಿ. ಕಿವಿ ತಿರುಗುವುದೂ ನಿಂತ ಮೇಲೆ ಸದ್ದನ್ನು ಒಂದೇ ಹಂತ ಏರಿಸಿ. ಮರುದಿನ ಒಂದು ಹಂತ ಕೆಳಗಿನಿಂದ ಶುರು ಮಾಡಿ, ಏಕೆಂದರೆ ರಾತ್ರಿಯ ಬಿಡುವಿನಲ್ಲಿ ಹಳೆಯ ಬೆಚ್ಚುವಿಕೆ ಅಷ್ಟಿಷ್ಟು ಮರಳಿರುತ್ತದೆ. ಸರಪಟಾಕಿಗೆ ಒಗ್ಗಿದ ನಾಯಿ ರಾಕೆಟ್ಟಿನ ಶಿಳ್ಳೆಗೆ ಒಗ್ಗಿರುವುದಿಲ್ಲ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಅಭ್ಯಾಸ ಮಾಡಿಸಬೇಕು. ಮೊಬೈಲಿನ ಸ್ಪೀಕರ್‌ನಲ್ಲಿ ಗರ್ನಾಲಿನ ತಗ್ಗಿನ ‘ಧಡ್’ ಸದ್ದು ಬರುವುದಿಲ್ಲ. ದೊಡ್ಡ ಸ್ಪೀಕರ್ ಬಳಸಿ.

ಈಗಾಗಲೇ ಸದ್ದಿಗೆ ನಡುಗಿ, ಜೊಲ್ಲು ಸುರಿಸಿ, ಮಂಚದಡಿ ಸೇರುವ ನಾಯಿಗೆ ಇದೊಂದೇ ಸಾಲದು. ಹಬ್ಬದ ಹಿಂದಿನ ದಿನದವರೆಗೆ ಕಾಯದೆ ಕೆಲವು ವಾರ ಮೊದಲೇ ಪಶುವೈದ್ಯರನ್ನು ಕಾಣಿ. ಔಷಧ ಬರೆದುಕೊಟ್ಟರೆ ಅದು ನಾಯಿಗೆ ಹೇಗೆ ಹಿಡಿಸುತ್ತದೆಂದು ಪಟಾಕಿ ಇಲ್ಲದ ದಿನವೇ ನೋಡಿಕೊಳ್ಳಬಹುದು.