ಒಳ್ಳೆಯ ಅಭ್ಯಾಸಕ್ಕೊಂದು ಗೂಟ ಬೇಕು

ಬೆನ್ನುನೋವಿಗೆಂದು ಫಿಸಿಯೋಥೆರಪಿಸ್ಟ್ ಒಬ್ಬರು ನನಗೆ ಐದು ವ್ಯಾಯಾಮ ಹೇಳಿಕೊಟ್ಟರು. ಚಿತ್ರಗಳಿರುವ ಒಂದು ಹಾಳೆಯನ್ನೂ ಕೊಟ್ಟರು. ಅದನ್ನು ಗೋಡೆಗೆ ಅಂಟಿಸಿ ಒಂಬತ್ತು ದಿನ ತಪ್ಪದೆ ಮಾಡಿದೆ. ಹತ್ತನೇ ದಿನ ನೋವು ಕಡಿಮೆಯಾಗಿತ್ತು, ಕೆಲಸ ಜಾಸ್ತಿಯಿತ್ತು. ಸಂಜೆ ಮಾಡಿದರಾಯಿತು ಅಂದುಕೊಂಡೆ. ಆ ಸಂಜೆ ಬರಲೇ ಇಲ್ಲ. ಮೂರು ತಿಂಗಳಿಗೆ ನೋವು ಮರಳಿ ಬಂತು. ಹಾಳೆ ಗೋಡೆಯ ಮೇಲೆ ಹಾಗೇ ಇತ್ತು.

ಇದಕ್ಕೆ ನಾವು ಆರಂಭಶೂರತ್ವ ಎಂದು ಹೆಸರಿಟ್ಟಿದ್ದೇವೆ. ಛಲ ಸಾಲದು, ಸ್ವಭಾವವೇ ಹಾಗೆ ಎಂದು ಅದರ ಅರ್ಥ. ನಾನೂ ಬಹಳ ದಿನ ಹಾಗೇ ನಂಬಿದ್ದೆ. ಈಗ ನಂಬುವುದಿಲ್ಲ. ವ್ಯಾಯಾಮ ಮಾಡಬೇಕೆಂಬ ಮನಸ್ಸು ಹತ್ತನೇ ದಿನವೂ ಇತ್ತು. ಆದರೆ ಯಾವಾಗ, ಎಲ್ಲಿ, ಯಾವ ಕೆಲಸದ ಬೆನ್ನಿಗೆ ಮಾಡುತ್ತೇನೆ ಎಂಬುದನ್ನು ನಾನು ಒಮ್ಮೆಯೂ ಗೊತ್ತುಮಾಡಿಕೊಂಡಿರಲಿಲ್ಲ. ಹಾಗಾಗಿ ದಿನಾ ಹೊಸದಾಗಿ ತೀರ್ಮಾನಿಸಬೇಕಿತ್ತು. ಹಾಗೆ ದಿನಾ ತೀರ್ಮಾನ ಬೇಡುವ ಕೆಲಸ ಒಂದಲ್ಲ ಒಂದು ದಿನ ಬಿದ್ದುಹೋಗುತ್ತದೆ.

ಅಭ್ಯಾಸ ಎಂದರೆ ಈ ತೀರ್ಮಾನದ ಭಾರ ಇಳಿದುಹೋಗುವುದು. ಹಲ್ಲುಜ್ಜಬೇಕೋ ಬೇಡವೋ ಎಂದು ನಾವು ಯಾರೂ ಯೋಚಿಸುವುದಿಲ್ಲ ಅಲ್ವಾ? ಮನೋವಿಜ್ಞಾನಿ ವೆಂಡಿ ವುಡ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರು ಆಗಾಗ ತಾವು ಆ ಕ್ಷಣ ಏನು ಮಾಡುತ್ತಿದ್ದೇವೆ ಎಂದು ಡೈರಿಯಲ್ಲಿ ಬರೆದುಕೊಂಡರು. ಆ ಕೆಲಸಗಳಲ್ಲಿ ಸುಮಾರು ಶೇ 43ರಷ್ಟು, ಹೆಚ್ಚುಕಡಿಮೆ ದಿನವೂ ಅದೇ ಜಾಗದಲ್ಲಿ, ಅದೇ ಸನ್ನಿವೇಶದಲ್ಲಿ ನಡೆಯುವಂಥವು. ಮನಸ್ಸು ಬೇರೆಲ್ಲೋ ಇದ್ದರೂ ಕೈ ಕೆಲಸ ಮಾಡುತ್ತಿರುತ್ತದೆ. ಈ ಶಕ್ತಿಯನ್ನೇ ನಮ್ಮ ಗುರಿಯ ಕಡೆಗೆ ತಿರುಗಿಸಿಕೊಳ್ಳಬೇಕು. ಅದನ್ನು ಹೀಗೆ ಮಾಡಬಹುದು.

1. ಗುರಿಯನ್ನು ಒಂದು ಕೆಲಸವಾಗಿ ಬರೆಯಿರಿ

‘ಆರೋಗ್ಯವಾಗಿರಬೇಕು’, ‘ಜಾಸ್ತಿ ಓದಬೇಕು’, ‘ಹೊಸ ಭಾಷೆ ಕಲಿಯಬೇಕು’. ಇವೆಲ್ಲ ಆಸೆಗಳು. ಇವುಗಳಲ್ಲಿ ಇವತ್ತು ಕೈಗೆತ್ತಿಕೊಳ್ಳಬಹುದಾದದ್ದು ಏನೂ ಇಲ್ಲ. ಬರೆದದ್ದು ಸರಿಯಾಗಿದೆಯೇ ಎಂದು ನೋಡಲು ಸುಲಭದ ದಾರಿಯಿದೆ. ಪಕ್ಕದಲ್ಲಿ ನಿಂತು ನೋಡುವವರು ‘ಹೌದು, ಇವರು ಇವತ್ತು ಅದನ್ನು ಮಾಡಿದರು’ ಎಂದು ಹೇಳಲು ಸಾಧ್ಯವೇ? ‘ಆರೋಗ್ಯವಾಗಿದ್ದರು’ ಎಂದು ಹೇಳಲಾಗದು. ‘ಹದಿನೈದು ನಿಮಿಷ ನಡೆದರು’, ‘ಎರಡು ಪುಟ ಓದಿದರು’, ‘ಐದು ಹೊಸ ಪದ ಬರೆದರು’ ಎಂದು ಹೇಳಬಹುದು.

ಇನ್ನೊಂದು ಮಾತು. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಬುದ್ಧಿ ಹೆಚ್ಚು ದಿನ ಬಾಳುವುದಿಲ್ಲ. ಗೆಳೆಯರು ಓಡುತ್ತಾರೆಂದು ನೀವೂ ಓಡಬೇಕಿಲ್ಲ. ಈ ಕೆಲಸ ನನಗೆ ಯಾಕೆ ಬೇಕು ಎಂಬುದಕ್ಕೆ ನಿಮ್ಮದೇ ಉತ್ತರವನ್ನು ಒಂದು ಸಾಲಿನಲ್ಲಿ ಬರೆದಿಡಿ. ಒಂದು ಸಲಕ್ಕೆ ಒಂದೇ ಅಭ್ಯಾಸ ಸಾಕು. ಮೂರನ್ನು ಒಟ್ಟಿಗೆ ಹಿಡಿದವರು ಮೂರನ್ನೂ ಬಿಟ್ಟದ್ದನ್ನು ನಾನು ಬಹಳ ಸಲ ನೋಡಿದ್ದೇನೆ.

2. ಹೊಸ ಕೆಲಸವನ್ನು ಹಳೆಯ ಗೂಟಕ್ಕೆ ಕಟ್ಟಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ. ಕಟ್ಟದೆ ಬಿಟ್ಟ ಕರು ಎಲ್ಲಿಗೋ ಹೋಗುತ್ತದೆ. ಹೊಸ ಅಭ್ಯಾಸವೂ ಹಾಗೆಯೇ. ಅದಕ್ಕೊಂದು ಗಟ್ಟಿ ಗೂಟ ಬೇಕು. ನೀವು ಈಗಾಗಲೇ ತಪ್ಪದೆ ಮಾಡುವ ಒಂದು ಕೆಲಸವೇ ಆ ಗೂಟ.

ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ ಈ ವಿಷಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ‘ಇಂಥದ್ದು ಆದಾಗ ನಾನು ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡವರು, ಸುಮ್ನೆ ‘ಮಾಡುತ್ತೇನೆ’ ಎಂದುಕೊಂಡವರಿಗಿಂತ ಎಷ್ಟೋ ಮುಂದೆ ಹೋಗುತ್ತಾರೆ ಎಂಬುದು ಅವರ ಮಾತು. ಬ್ರಿಟನ್ನಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ವಾರದಲ್ಲಿ ಒಮ್ಮೆಯಾದರೂ 20 ನಿಮಿಷ ವ್ಯಾಯಾಮ ಮಾಡಬೇಕೆಂದು 248 ವಿದ್ಯಾರ್ಥಿಗಳಿಗೆ ಹೇಳಲಾಯಿತು. ಒಂದು ಗುಂಪಿಗೆ ಹೆಚ್ಚಿನದೇನೂ ಹೇಳಲಿಲ್ಲ. ಅವರಲ್ಲಿ ಶೇ 38 ಮಂದಿ ಮಾಡಿದರು. ಇನ್ನೊಂದು ಗುಂಪಿಗೆ ಹೃದ್ರೋಗದ ಅಪಾಯ, ವ್ಯಾಯಾಮದ ಲಾಭ ಎಲ್ಲವನ್ನೂ ತಿಳಿಸಿದರು. ಅವರಲ್ಲಿ ಮಾಡಿದವರು ಶೇ 35. ಮೂರನೇ ಗುಂಪಿಗೆ ಅದೇ ಮಾಹಿತಿಯ ಜೊತೆಗೆ ಒಂದು ಸಾಲು ತುಂಬಿಸಲು ಹೇಳಿದರು: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ. ಅವರಲ್ಲಿ ಶೇ 91 ಮಂದಿ ವ್ಯಾಯಾಮ ಮಾಡಿದರು.

ಮಧ್ಯದ ಗುಂಪನ್ನು ಇನ್ನೊಮ್ಮೆ ನೋಡಿ. ಭಯ, ಹುರುಪು, ತಿಳಿವಳಿಕೆ ಎಲ್ಲ ಸಿಕ್ಕರೂ ಅವರು ಕದಲಲಿಲ್ಲ. ಮಕ್ಕಳಿಗೆ ಓದಿನ ಮಹತ್ವದ ಬಗ್ಗೆ ಗಂಟೆಗಟ್ಟಲೆ ಹೇಳುವ ನಾವೆಲ್ಲ ಇದನ್ನು ಯೋಚಿಸಬೇಕು.

ನಿಮ್ಮ ಸಾಲು ಹೀಗಿರಲಿ: ‘ರಾತ್ರಿ ಹಲ್ಲುಜ್ಜಿದ ಮೇಲೆ, ಮಂಚದ ಮೇಲೆ ಕೂತು, ಎರಡು ಪುಟ ಓದುತ್ತೇನೆ.’ ‘ಊಟದ ತಟ್ಟೆ ತೊಳೆದಿಟ್ಟ ಮೇಲೆ, ಅಡುಗೆಮನೆಯ ಬಾಗಿಲಿನಿಂದಲೇ ನಡೆಯಲು ಹೊರಡುತ್ತೇನೆ.’ ಗೂಟ ಆರಿಸುವಾಗ ಎರಡು ವಿಷಯ ಗಮನಿಸಿ. ಆ ಕೆಲಸಕ್ಕೆ ಖಚಿತವಾದ ಕೊನೆ ಇರಬೇಕು. ‘ಬೆಳಿಗ್ಗೆ ಎದ್ದ ಮೇಲೆ’ ಎಂದರೆ ಎದ್ದ ಕೂಡಲೇ ಆಗಬಹುದು, ಎರಡು ಗಂಟೆ ಬಿಟ್ಟೂ ಆಗಬಹುದು. ‘ಮುಖ ಒರೆಸಿ ಟವೆಲ್ ನೇತುಹಾಕಿದ ಮೇಲೆ’ ಎಂದರೆ ಒಂದೇ ಕ್ಷಣ. ಎರಡನೆಯದು, ಅಭ್ಯಾಸ ದಿನಕ್ಕೊಮ್ಮೆ ಬೇಕಿದ್ದರೆ ಗೂಟವೂ ದಿನಕ್ಕೊಮ್ಮೆಯೇ ಬರಬೇಕು. ರಜೆಯ ದಿನ ಮಾಯವಾಗುವ ಕೆಲಸವನ್ನು ಗೂಟ ಮಾಡಿಕೊಂಡರೆ ಪ್ರತಿ ರಜೆಯಲ್ಲೂ ಅಭ್ಯಾಸ ತಪ್ಪುತ್ತದೆ.

ನನ್ನ ಗೂಟ ಸ್ನಾನ. ಸ್ನಾನಕ್ಕೆ ಮುಂಚೆ, ಬಚ್ಚಲಿನ ಬಾಗಿಲ ಪಕ್ಕ, ಚಾಪೆಯ ಮೇಲೆ ಬೆನ್ನಿನ ವ್ಯಾಯಾಮ. ಗೋಡೆಯ ಹಾಳೆ ಮಾಡಿಸದೇ ಇದ್ದದ್ದನ್ನು ಈ ಒಂದು ಸಾಲು ಮಾಡಿಸಿತು.

3. ಕೆಟ್ಟ ದಿನಕ್ಕೂ ಸಾಧ್ಯವಾಗುವಷ್ಟು ಚಿಕ್ಕದಾಗಿರಲಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಾವು ಅಭ್ಯಾಸದ ಅಳತೆಯನ್ನು ಹುರುಪಿರುವ ದಿನ ನಿರ್ಧರಿಸುತ್ತೇವೆ. ಆದರೆ ಅದನ್ನು ಜ್ವರ ಬಂದು ಹೋದ ಮರುದಿನವೂ, ಯಾರೊಂದಿಗೋ ಜಗಳವಾಡಿದ ರಾತ್ರಿಯೂ ಮಾಡಬೇಕಾಗುತ್ತದೆ. ಆ ದಿನಗಳಿಗೆ ಅಳತೆ ಕೊಡಿ. ನನ್ನ ಅಳತೆ ಐದರಲ್ಲಿ ಒಂದು ವ್ಯಾಯಾಮ. ಚಾಪೆಯ ಮೇಲೆ ಮಲಗಿದ ಮೇಲೆ ಹೆಚ್ಚಿನ ದಿನ ಐದೂ ಆಗುತ್ತವೆ. ಒಂದೇ ಆದ ದಿನ ಒಂದಕ್ಕೇ ಪೂರ್ತಿ ಲೆಕ್ಕ.

ಮೊದಲ ತಿಂಗಳು ಅಳತೆ ಹೆಚ್ಚಿಸಬೇಡಿ. ಎಷ್ಟೇ ಸುಲಭ ಅನ್ನಿಸಿದರೂ ಬೇಡ.

4. ಜಾಗವನ್ನು ಮೊದಲೇ ಸಿದ್ಧಮಾಡಿ

ಓದಬೇಕಾದ ಪುಸ್ತಕ ದಿಂಬಿನ ಮೇಲಿರಲಿ. ನಡೆಯುವ ಶೂ ಬಾಗಿಲ ಬಳಿ ಇರಲಿ. ಮೊಬೈಲ್ ಚಾರ್ಜರ್ ಬೇರೆ ಕೋಣೆಯಲ್ಲಿರಲಿ. ನನ್ನ ಚಾಪೆಯನ್ನು ಸುತ್ತಿ ಕಪಾಟಿನಲ್ಲಿ ಇಡುತ್ತಿದ್ದಾಗ, ಅದನ್ನು ತೆಗೆದು ಹಾಸುವ ಅರ್ಧ ನಿಮಿಷವೇ ದೊಡ್ಡ ಅಡ್ಡಿಯಾಗಿತ್ತು. ಈಗ ಹಾಸಿದ್ದು ಹಾಸಿದಂತೆಯೇ ಇರುತ್ತದೆ. ಮನೆ ಸ್ವಲ್ಪ ಅಸ್ತವ್ಯಸ್ತ ಕಾಣುತ್ತದೆ, ನಿಜ. ಬೆನ್ನು ನೆಟ್ಟಗಿರುವುದು ಅದಕ್ಕಿಂತ ಮುಖ್ಯ.

5. ಕಣ್ಣಿಗೆ ಕಾಣುವ ಗುರುತು ಹಾಕಿ

ಗೋಡೆಯ ಕ್ಯಾಲೆಂಡರ್ ಮತ್ತು ಒಂದು ಪೆನ್ನು ಸಾಕು. ಮಾಡಿದ ದಿನಕ್ಕೆ ಗೆರೆ. 2016ರಲ್ಲಿ 138 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಸಂಶೋಧಕರು, ತಮ್ಮ ಪ್ರಗತಿಯನ್ನು ಆಗಾಗ ನೋಡಿಕೊಳ್ಳುವವರು ಗುರಿ ಮುಟ್ಟುವುದು ಹೆಚ್ಚು ಎಂದು ಕಂಡುಕೊಂಡರು. ಅದನ್ನು ಬರೆದಿಟ್ಟರೆ ಅಥವಾ ಇನ್ನೊಬ್ಬರಿಗೆ ತಿಳಿಸಿದರೆ ಲಾಭ ಮತ್ತೂ ಜಾಸ್ತಿ. ಆದರೆ ಗುರುತು ಹಾಕುವ ಕೆಲಸವೇ ದೊಡ್ಡದಾಗಬಾರದು. ಹತ್ತು ಕಾಲಂಗಳ ಪಟ್ಟಿ ಬರೆಯುವವರಿಗೆ ಪಟ್ಟಿಯದ್ದೇ ಕೆಲಸವಾಗುತ್ತದೆ.

6. ತಪ್ಪಿದ ದಿನಕ್ಕೆ ಮೊದಲೇ ಉತ್ತರ ಇಟ್ಟುಕೊಳ್ಳಿ

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಇದರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಸುಮಾರು 21 ದಿನ ಬೇಕು ಎಂದು ಅವರು 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುತ್ತಾ ‘ಕನಿಷ್ಠ’ ಬಿದ್ದುಹೋಯಿತು, ಮುಖದ ವಿಷಯವೂ ಮರೆತುಹೋಯಿತು. ಉಳಿದದ್ದು 21 ಮಾತ್ರ. ಈ ಸಂಖ್ಯೆ ಮಾಡಿರುವ ಹಾನಿ ನನಗೆ ಬೇಸರ ತರಿಸುತ್ತದೆ. 22ನೇ ದಿನವೂ ಕಷ್ಟವಾದರೆ, ತನ್ನಲ್ಲೇ ಏನೋ ಕೊರತೆಯಿದೆ ಎಂದು ಜನ ಕೈಬಿಡುತ್ತಾರೆ.

ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ಇದನ್ನು ಅಳೆದೇ ನೋಡಿದರು. ಅವರ ಅಧ್ಯಯನ 2009ರಲ್ಲಿ ಪ್ರಕಟವಾಯಿತು. 96 ಜನ ತಲಾ ಒಂದು ಹೊಸ ಕೆಲಸ ಆರಿಸಿಕೊಂಡು, ದಿನದ ಒಂದು ಗೂಟಕ್ಕೆ ಕಟ್ಟಿ, 12 ವಾರ ಮಾಡಿದರು. ಯೋಚಿಸದೆ ಕೆಲಸ ನಡೆಯುವ ಹಂತಕ್ಕೆ ಬರಲು ಸಾಮಾನ್ಯವಾಗಿ 66 ದಿನ ಬೇಕಾಯಿತು. ಆದರೆ ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರಿಗೆ 254 ದಿನ ಬೇಕಾಗಬಹುದು ಎಂಬ ಲೆಕ್ಕ ಬಂತು. ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಕೂತಿತು. ವ್ಯಾಯಾಮದಂಥದ್ದಕ್ಕೆ ಹೆಚ್ಚು ಕಾಲ ಹಿಡಿಯಿತು.

ಆ ಅಧ್ಯಯನದಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟ ಸಂಗತಿ ಬೇರೆಯೇ ಇದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಒಂದು ದಿನ ತಪ್ಪಿದ ಬೇಸರದಲ್ಲಿ ‘ಇನ್ನು ಒಂದನೇ ತಾರೀಕಿನಿಂದ ಶುರುಮಾಡೋಣ’ ಎನ್ನುತ್ತೇವಲ್ಲ, ಪೆಟ್ಟು ಬೀಳುವುದು ಅಲ್ಲಿ. ನಾಳೆ ಎಂದವನ ಮನೆ ಹಾಳು ಎಂಬ ಗಾದೆ ಹುಟ್ಟಿದ್ದು ಸುಮ್ನೆ ಅಲ್ಲ.

ಹಾಗಾಗಿ ಮೊದಲ ದಿನವೇ ಇನ್ನೊಂದು ಸಾಲು ಬರೆಯಿರಿ: ‘ಒಂದು ದಿನ ತಪ್ಪಿದರೆ, ಮರುದಿನ ಅದೇ ಗೂಟದಲ್ಲಿ, ಅತಿ ಚಿಕ್ಕ ಅಳತೆಯಲ್ಲಿ ಮಾಡುತ್ತೇನೆ.’ ತಪ್ಪಿದ್ದನ್ನು ತುಂಬಿಸಲು ಎರಡರಷ್ಟು ಮಾಡಬೇಡಿ. ಅದು ಶಿಕ್ಷೆಯ ಹಾಗಾಗುತ್ತದೆ. ಮೇಲಿಂದ ಮೇಲೆ ತಪ್ಪುತ್ತಿದ್ದರೆ ನಿಮ್ಮನ್ನು ಬೈದುಕೊಳ್ಳುವ ಬದಲು ಗೂಟವನ್ನು ಪರೀಕ್ಷಿಸಿ. ಹೊತ್ತು ಸರಿಯಿಲ್ಲವೇ? ಆ ಜಾಗದಲ್ಲಿ ಬೇರೆಯವರು ಇರುತ್ತಾರೆಯೇ? ಅಳತೆ ದೊಡ್ಡದಾಯಿತೇ?

7. ಬೇಡದ ಅಭ್ಯಾಸವಿದ್ದರೆ ಅದರ ಗೂಟ ಕೀಳಿ

ವೆಂಡಿ ವುಡ್ ಅವರ ತಂಡದ ಇನ್ನೊಂದು ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಚಿತ್ರಮಂದಿರದಲ್ಲಿ ಕೆಲವರಿಗೆ ತಾಜಾ ಪಾಪ್‌ಕಾರ್ನ್, ಇನ್ನು ಕೆಲವರಿಗೆ ಒಂದು ವಾರ ಹಳತಾದದ್ದನ್ನು ಕೊಟ್ಟರು. ಸಿನಿಮಾ ನೋಡುವಾಗ ಪಾಪ್‌ಕಾರ್ನ್ ತಿನ್ನುವ ರೂಢಿ ಇದ್ದವರು ಹಳತನ್ನೂ ತಾಜಾದಷ್ಟೇ ತಿಂದರು. ಅದು ಚೆನ್ನಾಗಿಲ್ಲ ಎಂದು ಅವರಿಗೆ ಗೊತ್ತಿತ್ತು! ಆದರೆ ಸಭೆಯ ಕೋಣೆಯಲ್ಲಿ ಕೂರಿಸಿದಾಗ ಹಾಗೆ ತಿನ್ನಲಿಲ್ಲ. ಚಿತ್ರಮಂದಿರದಲ್ಲೇ, ರೂಢಿಯಿಲ್ಲದ ಕೈಯಿಂದ ತಿನ್ನಿ ಎಂದಾಗಲೂ ಹಳತನ್ನು ಕಡಿಮೆ ತಿಂದರು. ಜಾಗ ಬದಲಾದರೆ, ಕೈ ಬದಲಾದರೆ, ರೂಢಿಯ ಹಿಡಿತ ಸಡಿಲವಾಗುತ್ತದೆ. ಮಲಗುವ ಮುನ್ನ ಮೊಬೈಲ್ ನೋಡುವ ರೂಢಿಗೂ ಇದೇ ಉಪಾಯ ನಡೆಯುತ್ತದೆ.

ಮದ್ಯ, ತಂಬಾಕಿನಂಥ ಚಟಗಳ ಮಾತು ಬೇರೆ. ಅಲ್ಲಿ ದೇಹವೂ ಸಿಕ್ಕಿಕೊಂಡಿರುತ್ತದೆ. ದಯವಿಟ್ಟು ವೈದ್ಯರ ನೆರವು ಪಡೆಯಿರಿ.

8. ದೊಡ್ಡ ಗುರಿಗೆ ವಾರಕ್ಕೊಮ್ಮೆ ಕೂತು ನೋಡಿ

ಪರೀಕ್ಷೆ, ಪುಸ್ತಕ ಬರೆಯುವುದು, ಹೊಸ ಕಸುಬು ಕಲಿಯುವುದು. ಇಂಥ ಗುರಿಗಳಿಗೆ ದಿನದ ಅಭ್ಯಾಸದ ಜೊತೆ ಲೆಕ್ಕಾಚಾರವೂ ಬೇಕು. ನಾವು ಹಾಕುವ ಲೆಕ್ಕ ಸಾಮಾನ್ಯವಾಗಿ ಹಗುರ. 1994ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ, ಪ್ರಬಂಧ ಮುಗಿಸಲು ಎಷ್ಟು ದಿನ ಬೇಕೆಂದು ವಿದ್ಯಾರ್ಥಿಗಳನ್ನು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟರೆ? ಸುಮಾರು 49 ದಿನ ಎಂದರು. ನಿಜವಾಗಿ ಹಿಡಿದದ್ದು 55 ದಿನಕ್ಕೂ ಜಾಸ್ತಿ. ಹಾಗಾಗಿ ಕೆಲಸವನ್ನು ಸಣ್ಣ ತುಂಡು ಮಾಡಿ, ಹಿಂದೆ ಇಂಥದ್ದೇ ಕೆಲಸಕ್ಕೆ ನಿಮಗೆ ಎಷ್ಟು ದಿನ ಹಿಡಿದಿತ್ತೋ ಅದರ ಮೇಲೆ ಅಂದಾಜು ಹಾಕಿ.

ವಾರದ ಒಂದು ದಿನ ಹತ್ತು ನಿಮಿಷ ಕೂತು, ಮುಂದಿನ ವಾರ ಯಾವುದು ಅಡ್ಡ ಬರಬಹುದು ಎಂದು ಯೋಚಿಸಿ. ಗುರಿ ಮುಟ್ಟಿದ ಸಂತೋಷವನ್ನು ಕಲ್ಪಿಸಿಕೊಂಡು ಅಲ್ಲೇ ನಿಂತರೆ ಕೆಲಸ ಮಾಡುವ ಕಸುವು ಇಳಿಯುತ್ತದೆ ಎಂದು ಮನೋವಿಜ್ಞಾನಿ ಗೇಬ್ರಿಯೆಲ್ ಎಟಿಂಗೆನ್ ಅವರ ಪ್ರಯೋಗಗಳು ತೋರಿಸಿವೆ. ಆ ಸಂತೋಷದ ಪಕ್ಕದಲ್ಲೇ ಅಡ್ಡಿಯನ್ನೂ ಇಟ್ಟು ನೋಡಬೇಕು. ಪ್ರವಾಸವಿದೆಯೇ? ಮನೆಗೆ ನೆಂಟರು ಬರುತ್ತಾರೆಯೇ? ಅಂಥ ದಿನಕ್ಕೆ ಬೇರೆ ಗೂಟವನ್ನು ಅವತ್ತೇ ಬರೆದಿಡಿ.

ಇದನ್ನು ನಾನು ಕಲಿತದ್ದು ಮನೆ ಬದಲಾಯಿಸಿದಾಗ. ಹೊಸ ಮನೆಯಲ್ಲಿ ಬಚ್ಚಲಿನ ಪಕ್ಕ ಚಾಪೆ ಹಾಸುವಷ್ಟು ಜಾಗವಿರಲಿಲ್ಲ. ಎರಡು ವರ್ಷ ನಡೆದುಬಂದ ವ್ಯಾಯಾಮ ಹನ್ನೊಂದು ದಿನ ನಿಂತುಹೋಯಿತು. ಮೊದಲಿನ ಹಾಗೆ ನನ್ನ ಛಲವನ್ನು ಅನುಮಾನಿಸಲಿಲ್ಲ. ಹನ್ನೆರಡನೇ ದಿನ ಟೇಪು ಹಿಡಿದು ಮನೆಯೆಲ್ಲ ಅಳೆದೆ. ಈಗ ಚಾಪೆ ಮಂಚ ಮತ್ತು ಕಿಟಕಿಯ ನಡುವೆ ಇದೆ. ಬೆಳಿಗ್ಗೆ ಕಿಟಕಿ ತೆರೆದ ಮೇಲೆ ಮೊದಲ ವ್ಯಾಯಾಮ.